ಬಸ್ಸಿನಲ್ಲಿ ಬಿ.ಎ.

ಮೇ ತಿಂಗಳು ಬಂತೆಂದರೆ ನಮ್ಮ ಬೀದಿಯಲ್ಲಿ ಯಾರೂ ಯಾರನ್ನೂ ಊಟ ಆಯ್ತಾ ಎಂದು ಕೇಳುವುದಿಲ್ಲ. ಎಷ್ಟು ಬಂತು ಎಂದು ಕೇಳುತ್ತಾರೆ. ಹೊಸೂರಾದ್ದರಿಂದ ಪ್ರಶ್ನೆ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಬರುತ್ತದೆ. ಉತ್ತರ ಮಾತ್ರ ಎಲ್ಲ ಮನೆಯಿಂದಲೂ ಇಂಗ್ಲಿಷ್ ಅಂಕೆಯಲ್ಲೇ ಹೊರಬೀಳುತ್ತದೆ. ಪಕ್ಕದ ಮನೆಯ ಹುಡುಗಿಗೆ 2024ರ ಪ್ಲಸ್ ಟೂನಲ್ಲಿ ಆರುನೂರಕ್ಕೆ ನಾನೂರ ಚಿಲ್ಲರೆ ಬಂತು. ಪೀಕಲಾಟದ ಅಂಕ ಅದು. “ಇಂಜಿನಿಯರಿಂಗಿಗೆ ಕಮ್ಮಿ, ಮದುವೆಗೆ ಜಾಸ್ತಿ” ಎಂದು ಅವಳ ತಾಯಿ ಕಾಂಪೌಂಡಿನ ಆಚೆಯಿಂದ ನಿಟ್ಟುಸಿರುಬಿಟ್ಟರು. ಆಕೆ ಬೇರಿಗೆ ಕಡೆಯವರು. ಮನೆಮಾತು ತೆಲುಗು, ನನ್ನ ಹತ್ತಿರ ಕನ್ನಡ, ಸೊಪ್ಪಿನವಳ ಹತ್ತಿರ ಚೌಕಾಸಿಗೆ ತಮಿಳು. ನಿಟ್ಟುಸಿರಿಗೆ ಭಾಷೆ ಬೇಕಾಗಿಲ್ಲವಾದ್ದರಿಂದ ಅದು ಎದುರು ಮನೆಯ ಮೇಷ್ಟ್ರಿಗೂ ಕೇಳಿಸಿತು.

ಸಂಜೆಗೆ ಪಂಚಾಯ್ತಿ ಸೇರಿತು. ನಮ್ಮ ಕಡೆ ಗೋಡೆ ಗಿಡ್ಡ, ಹಾಗಾಗಿ ಕರೆಯದಿದ್ದರೂ ನಾನು ಸದಸ್ಯ. ಹುಡುಗಿಯ ಸೋದರಮಾವನದು ಫ್ಯಾಕ್ಟರಿ ಪಕ್ಷ. ಈಚೆಗೆ ಟಾಟಾ ಎಲೆಕ್ಟ್ರಾನಿಕ್ಸ್‌ನವರು ಐಫೋನಿನ ಹೊರಕವಚ ಮಾಡುತ್ತಾರೆ, ಆಚೆ ಪೋಚಂಪಳ್ಳಿಯಲ್ಲಿ ಓಲಾದವರು ಸ್ಕೂಟರ್ ಮಾಡುತ್ತಾರೆ, ಎರಡು ಕಡೆಯೂ ಹೆಣ್ಣುಮಕ್ಕಳಿಗೇ ಕೆಲಸ, ಪ್ಲಸ್ ಟೂ ಆಗಿದ್ದರೆ ಕರೆಯುತ್ತಾರೆ, ವ್ಯಾನು ಬಂದು ಹತ್ತಿಸಿಕೊಳ್ಳುತ್ತದೆ, ಇನ್ನೇನು ಬೇಕು ಎಂಬುದು ಅವನ ವಾದ. ಹುಡುಗಿಯ ಅಪ್ಪ ಬಿಡಿಭಾಗದ ಕಾರ್ಖಾನೆಯೊಂದರಲ್ಲಿ ಶಿಫ್ಟಿನವರು. ಅವರಪ್ಪ ಕೂಡ, ಎಂಬತ್ತರ ದಶಕದಲ್ಲಿ ಲೇಲ್ಯಾಂಡು, ಟಿವಿಎಸ್ಸು, ಟೈಟನ್ನು ಒಂದರ ಹಿಂದೊಂದು ಬಂದು ಊರಿಗೆ ಸೈರನ್ ಕಲಿಸಿದಾಗ, ರಾಗಿ ಹೊಲ ಬಿಟ್ಟು ಶಿಫ್ಟಿಗೆ ಸೇರಿದವರು. “ಮೂರನೇ ತಲೆಮಾರೂ ಶಿಫ್ಟೇ ಆಗಬೇಕಾ?” ಎಂದರು ಅಷ್ಟೆ, ಮುಂದೆ ಮಾತಿಲ್ಲ. ಎದುರು ಮನೆಯವರು ನಿವೃತ್ತ ಲೆಕ್ಕದ ಮೇಷ್ಟ್ರು, ತಮಿಳರು, ಜೀವನವಿಡೀ ಸೈನ್ ತೀಟಾ ಕಾಸ್ ತೀಟಾ ಹೇಳಿಕೊಟ್ಟವರು ಆವತ್ತು ಲೆಕ್ಕಾಚಾರವನ್ನೇ ಬಿಟ್ಟು ಹೇಳಿದರು: “ಡಿಗ್ರಿಗೆ ಹಾಕಿ. ಮೂರು ವರ್ಷ ಸುಮ್ನೆ ಓದಲಿ.”

ಆ ಸುಮ್ನೆ ಸೋದರಮಾವನಿಗೆ ಸೂಜಿ ಚುಚ್ಚಿದಂತಾಯಿತು. “ಸುಮ್ನೆ ಓದೋಕೆ ಫೀಸ್ ಯಾಕೆ ಸಾರ್ ಕಟ್ಟಬೇಕು?”

ನ್ಯಾಯವಾದ ಪ್ರಶ್ನೆ. ದೇಶದಲ್ಲಿ ಇದಕ್ಕೆ ಉತ್ತರವನ್ನು ಬಹಳ ದುಬಾರಿಯಾಗಿ ಕೊಟ್ಟವರಿದ್ದಾರೆ. ದೆಹಲಿಯ ಹತ್ತಿರ ಸೋನಿಪತ್‌ನಲ್ಲಿ 2014ರಲ್ಲಿ ಶುರುವಾದ ಅಶೋಕ ವಿಶ್ವವಿದ್ಯಾಲಯ, ಆಂಧ್ರದ ಶ್ರೀಸಿಟಿಯ ಕ್ರಿಯಾ, ಇವೆಲ್ಲ ಲಿಬರಲ್ ಆರ್ಟ್ಸ್ ಎಂಬ ಬೋರ್ಡಿನ ಕೆಳಗೆ ನಡೆಯುವುದು ಇದೇ ಸುಮ್ಮನೆ ಓದುವ ವ್ಯಾಪಾರವೇ. ಗಣಿತದವನು ಕಾವ್ಯ ಓದಲಿ, ಕಾವ್ಯದವಳು ಸಂಖ್ಯಾಶಾಸ್ತ್ರ ನೋಡಲಿ, ಇಬ್ಬರೂ ಮರದ ಕೆಳಗೆ ಕೂತು ಜಗಳವಾಡಲಿ. ನಮಗಂತೂ ಅಷ್ಟು ದೂರ ಹೋಗಬೇಕಾಗಿಲ್ಲ. ಬಾಗಲೂರು ದಾಟಿ ರಾಜ್ಯದ ಗಡಿ ಹಾರಿದರೆ ಸರ್ಜಾಪುರ. ಅಲ್ಲಿ 2010ರ ಕರ್ನಾಟಕದ ಕಾಯ್ದೆಯಡಿ ಹುಟ್ಟಿದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಕಟ್ಟಡಗಳು ಎದ್ದು ನಿಂತಿವೆ. ಬಡವರ ಮಕ್ಕಳಿಗೆ ಶುಲ್ಕ ವಿನಾಯಿತಿಯೂ ಉಂಟು. ಆದರೆ ಅದಕ್ಕೊಂದು ಪ್ರವೇಶ ಪರೀಕ್ಷೆ ಇದೆ, ಅದಿದೆಯೆಂಬ ಸುದ್ದಿ ನಮ್ಮ ಬೀದಿಗೆ ತಲುಪುವುದು ಅದು ಮುಗಿದ ಮೇಲೆ. ಅಷ್ಟು ಹತ್ತಿರವಿದ್ದೂ ಅದು ನಮಗೆ ಸೋನಿಪತ್‌ನಷ್ಟೇ ದೂರ.

ನಮ್ಮ ಪಾಲಿಗಿರುವುದು ಆರ್ಟ್ಸ್ ಅಂಡ್ ಸೈನ್ಸ್ ಕಾಲೇಜು. ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವ ಹೆದ್ದಾರಿಯಲ್ಲಿ ಕಿಟಕಿ ಪಕ್ಕ ಕೂತರೆ ಇಂಥವು ಕಾಣಸಿಗುತ್ತವೆ: ಸುತ್ತ ಮಾವಿನ ತೋಪು, ಮಧ್ಯೆ ಗುಲಾಬಿ ಬಣ್ಣದ ನಾಲ್ಕಂತಸ್ತು, ಮುಂದೊಂದು ಕಮಾನು, ಕಮಾನಿನ ಮೇಲೆ ಸಂಸ್ಥಾಪಕರ ತಾಯಿಯ ಹೆಸರು, ಒಳಗೆ ಒಂದು ಪುಟ್ಟ ಪಿಳ್ಳೆಯಾರ್ ಗುಡಿ, ಹಿಂದೆ ಸಾಲಾಗಿ ನಿಂತ ಹಳದಿ ಬಸ್ಸುಗಳು. ಎಷ್ಟು ವಿಭಾಗ ಎಂದು ಯಾರೂ ಕೇಳುವುದಿಲ್ಲ, ಎಷ್ಟು ಬಸ್ಸು ಎಂದು ಕೇಳುತ್ತಾರೆ. ಯಜಮಾನರನ್ನು ತಮಿಳುನಾಡಿನಲ್ಲಿ ಕರೆಸ್ಪಾಂಡೆಂಟ್ ಎನ್ನುತ್ತಾರೆ. ಪ್ರಿನ್ಸಿಪಾಲರು ಬಂದರೆ ಹುಡುಗರು ಎದ್ದು ನಿಲ್ಲುತ್ತಾರೆ, ಕರೆಸ್ಪಾಂಡೆಂಟ್ ಬಂದರೆ ಪ್ರಿನ್ಸಿಪಾಲರು ಎದ್ದು ನಿಲ್ಲುತ್ತಾರೆ. ಪರೀಕ್ಷೆ, ಪದವಿ ಎಲ್ಲ ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯದ್ದು. ಅದು 1997ರಲ್ಲಿ ಹುಟ್ಟಿದ್ದು, ಸೇಲಂ, ನಾಮಕ್ಕಲ್, ಧರ್ಮಪುರಿ, ಕೃಷ್ಣಗಿರಿ ನಾಲ್ಕು ಜಿಲ್ಲೆಗಳ ಕಾಲೇಜುಗಳಿಗೆ ಪ್ರಶ್ನೆಪತ್ರಿಕೆ ಕಳಿಸುವ ಭಾರ ಹೊತ್ತಿದೆ.

ಹುಡುಗಿಯನ್ನು ಇಂಥದ್ದೇ ಒಂದಕ್ಕೆ ಹಾಕಿದರು. ಬಿ.ಎ. ಇಂಗ್ಲಿಷ್ ಸಾಹಿತ್ಯ. ಅದೇ ಯಾಕೆ ಎಂದು ಕೇಳಿದ್ದಕ್ಕೆ “ಅದ್ರಲ್ಲಿ ಮ್ಯಾಥ್ಸ್ ಇಲ್ಲ ಅಂಕಲ್” ಎಂದಳು. ಮೇಷ್ಟ್ರು ಕೇಳಿಸಿಕೊಳ್ಳದವರಂತೆ ಪೇಪರ್ ತಿರುವಿದರು.

ಕೋರ್ಸಿನ ಪಟ್ಟಿಯನ್ನು ನಾನೂ ನೋಡಿದೆ. ಬಿ.ಕಾಂ., ಅದರ ಪಕ್ಕದಲ್ಲಿ ಬ್ರಾಕೆಟ್ಟಿನಲ್ಲಿ ಸಿ.ಎ. ಎಂದು ಬರೆದ ಇನ್ನೊಂದು ಬಿ.ಕಾಂ., ಬಿ.ಸಿ.ಎ., ಕಂಪ್ಯೂಟರ್ ಸೈನ್ಸ್. ಅಲ್ಲಿಗೆ ಜನಜಂಗುಳಿ ಮುಗಿಯಿತು. ಗಣಿತಕ್ಕೆ ಬರುವವರು ವರ್ಷವರ್ಷವೂ ಕಮ್ಮಿ. ಇತಿಹಾಸ ಇಲ್ಲ. ತತ್ವಶಾಸ್ತ್ರ ಕೇಳಲೇಬೇಡಿ. ಇತಿಹಾಸ ಬೇಕಾದವರು ಸರ್ಕಾರಿ ಕಾಲೇಜಿಗೆ ಹೋಗಲಿ ಎನ್ನುತ್ತಾರೆ ಆಫೀಸಿನವರು, ಅದೇನೋ ರೇಷನ್ ಅಂಗಡಿಯಲ್ಲಿ ಮಾತ್ರ ಸಿಗುವ ಸಾಮಾನೆಂಬಂತೆ. ತಮಾಷೆ ನೋಡಿ, ಇವರ ಬಸ್ಸುಗಳು ದಿನಾ ಓಡಾಡುವುದೇ ಬಾರಾಮಹಲ್ ಸೀಮೆಯ ಎದೆಯ ಮೇಲೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಕ್ಯಾಪ್ಟನ್ ರೀಡ್ ಬಂದ, ಅವನ ಸಹಾಯಕನಾಗಿ ಥಾಮಸ್ ಮನ್ರೋ ಬಂದ. ಒಂದೊಂದು ಹೊಲದ ಬದುವಿನ ಮೇಲೂ ನಡೆದು, ಜಮೀನ್ದಾರನನ್ನು ನಡುವೆ ಬಿಡದೆ ರೈತನಿಂದಲೇ ಕಂದಾಯ ಕಟ್ಟಿಸಿಕೊಳ್ಳುವ ರೈತವಾರಿ ಪದ್ಧತಿಯನ್ನು ಅವರು ಮೊದಲು ಪ್ರಯೋಗ ಮಾಡಿದ್ದು ಇಲ್ಲೇ. ಆಮೇಲೆ ಅದು ಮದ್ರಾಸ್ ಪ್ರಾಂತ್ಯದ ಬಹುಭಾಗಕ್ಕೆ ಹಬ್ಬಿತು. ಕೃಷ್ಣಗಿರಿ ಬೆಟ್ಟದ ಕೋಟೆ ಬಸ್ಸಿನ ಕಿಟಕಿಯಿಂದ ಕಾಣುತ್ತದೆ. ಹುಡುಗರು ಅದನ್ನು ರೀಲ್ಸಿಗೆ ಒಳ್ಳೆ ಜಾಗ ಎಂದು ಬಲ್ಲರು. ತಪ್ಪೇನಿಲ್ಲ, ಬೇರೆ ಏನೆಂದು ಅವರಿಗೆ ಹೇಳಲು ಕಾಲೇಜಿನಲ್ಲಿ ಒಬ್ಬ ಇತಿಹಾಸದ ಮೇಷ್ಟ್ರಿಲ್ಲ.

ಆದರೂ ಆ ಮೂರು ವರ್ಷದ ಪಠ್ಯದ ಚೌಕಟ್ಟು ಕಾಗದದ ಮೇಲೆ ಚೆನ್ನಾಗಿದೆ, ಅನ್ಯಾಯದ ಮಾತು ಬೇಡ. ತಮಿಳುನಾಡಿನ ಪದವಿಗೆ ಐದು ಪಾರ್ಟುಗಳು. ಪಾರ್ಟ್ ಒನ್ ಭಾಷೆ, ಎಂದರೆ ತಮಿಳು ಅಥವಾ ಇನ್ನೊಂದು. ಪಾರ್ಟ್ ಟೂ ಇಂಗ್ಲಿಷ್. ಪಾರ್ಟ್ ತ್ರೀ ನಿಮ್ಮ ಅಸಲು ವಿಷಯ. ಪಾರ್ಟ್ ಫೋರ್‌ನಲ್ಲಿ ಪರಿಸರ, ಮೌಲ್ಯ ಶಿಕ್ಷಣ, ಕೌಶಲ, ಬೇರೆ ವಿಭಾಗದ ಯಾವುದಾದರೊಂದು ವಿಷಯ. ಪಾರ್ಟ್ ಫೈವ್‌ನಲ್ಲಿ ಎನ್‌ಎಸ್‌ಎಸ್ಸು, ಗಿಡ ನೆಡುವುದು. ನೋಡಿದರೆ ಬಾಳೆಲೆಯಲ್ಲಿ ಉಪ್ಪಿನಿಂದ ಪಾಯಸದವರೆಗೆ ಬಡಿಸಿಟ್ಟ ಹಾಗಿದೆ. ಉಣ್ಣಲು ಕೂತಾಗ ಗೊತ್ತಾಗುತ್ತದೆ: ಬೇರೆ ವಿಭಾಗದ ವಿಷಯ ಅಂದರೆ ಆಯ್ಕೆ ನಿಮ್ಮದಲ್ಲ, ಯಾವ ಮೇಡಂಗೆ ಪಿರಿಯಡ್ ಕಮ್ಮಿ ಬಿದ್ದಿದೆಯೋ ಅವರ ವಿಷಯ. ನಮ್ಮ ಹುಡುಗಿಗೆ ಸಿಕ್ಕಿದ್ದು ಎಂ.ಎಸ್. ಆಫೀಸ್. ಶೇಕ್ಸ್‌ಪಿಯರಿನಿಂದ ಎಕ್ಸೆಲ್‌ಗೆ ಹೋಗಿ ಬಂದಳು.

ಈ ಪಾರ್ಟ್ ಫೋರ್‌ನಲ್ಲೇ ಇನ್ನೊಂದು ಸ್ವಾರಸ್ಯ. ಶಾಲೆಯಲ್ಲಿ ತಮಿಳು ಓದದೆ ಬಂದು, ಪಾರ್ಟ್ ಒನ್‌ನಲ್ಲೂ ಬೇರೆ ಭಾಷೆ ತೆಗೆದುಕೊಂಡವರು ಬೇಸಿಕ್ ತಮಿಳು ಕಲಿಯಬೇಕು. ಆರನೇ ಕ್ಲಾಸಿನ ಮಟ್ಟದ್ದು. ನಮ್ಮ ಹುಡುಗಿಯ ಕ್ಲಾಸಿಗೆ ಆನೇಕಲ್ಲಿನಿಂದ ಒಬ್ಬಳು ಬಂದು ಸೇರಿದ್ದಳು, ಅಪ್ಪಟ ಕನ್ನಡದವಳು. ಆ ಕಡೆಯಿಂದ ಈ ಕಡೆಗೆ ಬರುವುದು ಅಪರೂಪ. ಹೊಸೂರಿನ ಮಕ್ಕಳೇ ಬೆಳಗಾಗೆದ್ದು ಬೆಂಗಳೂರಿನ ಕಾಲೇಜಿಗೆ ಓಡುತ್ತಾರೆ. ಆನೇಕಲ್ಲಿನವಳ ಅಣ್ಣ 2021ರಲ್ಲಿ ಕರ್ನಾಟಕದಲ್ಲಿ ಪದವಿಗೆ ಸೇರಿದಾಗ ರಾಷ್ಟ್ರೀಯ ಶಿಕ್ಷಣ ನೀತಿ ಬಂದಿತ್ತು, ನಾಲ್ಕು ವರ್ಷದ ಆನರ್ಸ್, ಡಿಜಿಟಲ್ ಫ್ಲುಯೆನ್ಸಿ, ಯೋಗಕ್ಕೂ ಕ್ರೆಡಿಟ್. 2024ರಲ್ಲಿ ಇವಳು ಸೇರುವ ಹೊತ್ತಿಗೆ ಸರ್ಕಾರ ಅದನ್ನು ಬಿಟ್ಟು ಮತ್ತೆ ಮೂರು ವರ್ಷಕ್ಕೆ ಬಂದಿತ್ತು. ಅವರಪ್ಪ ತಲೆಕೆಟ್ಟು, ಯಾವ ನೀತಿಯನ್ನೂ ಒಪ್ಪದ ರಾಜ್ಯದಲ್ಲಾದರೂ ಸಿಲಬಸ್ ಒಂದೇ ಕಡೆ ನಿಂತಿರುತ್ತದೆಂದು ಮಗಳನ್ನು ಗಡಿ ದಾಟಿಸಿದರಂತೆ. ಹಾಗೆ ಮಿಲ್ಟನ್ ಓದುವ ಹುಡುಗಿ ಮಧ್ಯಾಹ್ನದ ಪಿರಿಯಡ್ಡಿನಲ್ಲಿ ತಮಿಳಿನ ಅ ಆ ತಿದ್ದಿದಳು.

ಇಷ್ಟೆಲ್ಲ ಪಾರ್ಟುಗಳಿರುವ ಕಾಲೇಜಿನಲ್ಲಿ ಇಲ್ಲದ್ದು ಒಂದೇ, ಮಾತು. ಗೇಟಿನಲ್ಲಿ ಐಡಿ ಕಾರ್ಡ್ ನೋಡುತ್ತಾರೆ, ದುಪ್ಪಟ್ಟಾಕ್ಕೆ ಎರಡೂ ಭುಜದಲ್ಲಿ ಪಿನ್ ಇದೆಯೇ ಎಂದು ನೋಡುತ್ತಾರೆ. ಮೊಬೈಲ್ ತಂದರೆ ಜಪ್ತಿ. ಹುಡುಗರಿಗೊಂದು ಮೆಟ್ಟಿಲು, ಹುಡುಗಿಯರಿಗೊಂದು ಮೆಟ್ಟಿಲು. ಎರಡು ಮೆಟ್ಟಿಲಿನಿಂದ ಹತ್ತಿ ಒಂದೇ ಕ್ಲಾಸಿನಲ್ಲಿ ಕೂರುತ್ತಾರೆ, ಅದಕ್ಕೆ ಮಾತ್ರ ಸಿವಿಲ್ ಇಂಜಿನಿಯರಿನ ಹತ್ತಿರ ಪರಿಹಾರ ಸಿಕ್ಕಿಲ್ಲ. ಕ್ಲಾಸಿನಲ್ಲಿ ನೋಟ್ಸು ಹೇಳುತ್ತಾರೆ, ಇವರು ಬರೆಯುತ್ತಾರೆ. ಪ್ರಶ್ನೆ ಕೇಳಿದರೆ ಇಂಟರ್ನಲ್ ಮಾರ್ಕಿನ ಇಪ್ಪತ್ತೈದು ಕಣ್ಣಮುಂದೆ ಬರುತ್ತದೆ. ಲೈಬ್ರರಿಯಲ್ಲಿ ಪುಸ್ತಕಗಳು ಗಾಜಿನ ಬೀರುವಿನೊಳಗೆ, ಬೀಗದ ಕೈ ಒಬ್ಬರಲ್ಲಿ, ಅವರು ಊಟಕ್ಕೆ. ಕ್ಯಾಂಟೀನಿನಲ್ಲಿ ಪಫ್ಸ್ ತಿಂದು ಏಳಬೇಕು, ಕೂತರೆ ಸೂಪರ್‌ವೈಸರ್ ಬಂದು ನಿಲ್ಲುತ್ತಾನೆ. ಹಾಜರಿ ಎಪ್ಪತ್ತೈದು ಪರ್ಸೆಂಟಿಗೆ ಕಮ್ಮಿಯಾದರೆ ಕಂಡೋನೇಶನ್ ಕಟ್ಟಬೇಕು. ನಾಲ್ಕು ಗಂಟೆಗೆ ಬಸ್ಸು ಹೊರಟರೆ ಕ್ಯಾಂಪಸ್ಸಿನಲ್ಲಿ ಕಾಗೆಗಳು ಮಾತ್ರ. ಮೇಷ್ಟ್ರು ಹೇಳಿದ ಸುಮ್ನೆಗೆ ಎಲ್ಲೂ ಒಂದು ಬೆಂಚಿಲ್ಲ.

ಕಾಲೇಜನ್ನೇ ಬೈದು ಪ್ರಯೋಜನವಿಲ್ಲ, ಇದನ್ನೆಲ್ಲ ಕೇಳುವವರು ನಾವೇ. ಸೇರಿಸುವಾಗ ಪಕ್ಕದ ಮನೆಯಾಕೆ ಕೇಳಿದ ಮೊದಲ ಪ್ರಶ್ನೆ “ಸ್ಟ್ರಿಕ್ಟಾ?” ಎಂದೇ. ಸ್ಟ್ರಿಕ್ಟಲ್ಲ ಎಂದು ಒಬ್ಬ ಕರೆಸ್ಪಾಂಡೆಂಟ್ ಹೇಳಲಿ ನೋಡೋಣ, ಮಾರನೇ ವರ್ಷ ಬಸ್ಸು ಮಾರಬೇಕಾಗುತ್ತದೆ.

ಪಾಠ ಹೇಳುವವರ ಪಾಡೂ ಅಷ್ಟೆ. ಈ ಮೇ ತಿಂಗಳಲ್ಲಿ ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ ಒಬ್ಬ ಹೆಣ್ಣುಮಗಳು ಕರಪತ್ರದ ಕಟ್ಟು ಹಿಡಿದು ನಮ್ಮ ಗೇಟಿಗೆ ಬಂದಳು. ಪ್ಲಸ್ ಟೂ ಮಕ್ಕಳು ಯಾರಾದರೂ ಇದ್ದಾರಾ ಸಾರ್, ಅಡ್ಮಿಷನ್ ಓಪನ್ ಇದೆ, ಬಸ್ ಫೆಸಿಲಿಟಿ ಇದೆ ಎಂದು ಒಂದೇ ಉಸಿರಿಗೆ ಒಪ್ಪಿಸಿದಳು. ಸೇಲ್ಸಿನವಳೆಂದುಕೊಳ್ಳಬೇಡಿ, ಇಂಗ್ಲಿಷ್ ವಿಭಾಗದ ಅಸಿಸ್ಟೆಂಟ್ ಪ್ರೊಫೆಸರ್. ರಜೆಯಲ್ಲಿ ಇಷ್ಟು ಜನರನ್ನು ಸೇರಿಸಬೇಕು, ಇಲ್ಲದಿದ್ದರೆ ಸಂಬಳದ ದಿನ ಮಾತು ಕೇಳಬೇಕು. ನೀರು ಕೊಟ್ಟು ನೆರಳಲ್ಲಿ ಕೂರಿಸಿದೆ. ಪಿಎಚ್‌.ಡಿ. ನಡೀತಿದೆ ಅಂದಳು. ಏನಮ್ಮಾ ವಿಷಯ ಎಂದೆ. ಥಾಮಸ್ ಹಾರ್ಡಿಯ ಕಾದಂಬರಿಗಳಲ್ಲಿ ಹಾಲು ಕರೆಯುವ, ಗದ್ದೆ ಕೊಯ್ಯುವ ಹೆಂಗಸರು ಎಂದಳು. ತಾನು ರಾಯಕೋಟೆ ಪಕ್ಕದ ಹಳ್ಳಿಯವಳು, ಅಜ್ಜಿ ಟೊಮೇಟೊ ಕೂಲಿಗೆ ಹೋಗುತ್ತಿದ್ದಳು, ಹಾರ್ಡಿಯ ಟೆಸ್ ಟರ್ನಿಪ್ ಗಡ್ಡೆ ಕೀಳುವ ಭಾಗ ಓದಿದಾಗ ಅಜ್ಜಿಯ ಕೈ ನೆನಪಾಯಿತು ಎಂದಳು. ಕರಪತ್ರಗಳನ್ನು ತೊಡೆಯ ಮೇಲಿಟ್ಟುಕೊಂಡು ಅರ್ಧ ಗಂಟೆ ಮಾತಾಡಿದಳು. ಒಪ್ಪಿಸುವ ದನಿ ಹೋಗಿ ಬೇರೆಯೇ ದನಿ ಬಂದಿತ್ತು. ಇದನ್ನೆಲ್ಲ ಕ್ಲಾಸಿನಲ್ಲಿ ಹೇಳ್ತೀಯಾ ಎಂದು ಕೇಳಿದೆ. “ಪೋರ್ಷನ್ ಮುಗೀಬೇಕಲ್ಲ ಸಾರ್” ಎಂದು ಎದ್ದಳು.

ಸುಮ್ನೆ ಓದಿದ್ದರ ಫಲ ನೋಡಲು ಮಾತ್ರ ದೂರ ಹೋಗಬೇಕಾಗಿಲ್ಲ. ರಾಜಾಜಿಯವರ ಕಥೆ ಈ ಬೀದಿಯಲ್ಲಿ ಎಲ್ಲರಿಗೂ ಗೊತ್ತು, ಅಂದರೆ ಹೆಸರು ಗೊತ್ತು. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರ ಡಿಸೆಂಬರಿನಲ್ಲಿ ಹುಟ್ಟಿದರು. ಆ ಮನೆ ಈಗ ಸ್ಮಾರಕ. ಹೊಸೂರಿನ ಶಾಲೆಯಲ್ಲಿ ಓದಿ 1891ರಲ್ಲಿ ಮೆಟ್ರಿಕ್ ಪಾಸಾದರು. ಮುಂದೆ ಓದಲು ಇಲ್ಲಿ ಕಾಲೇಜಿರಲಿಲ್ಲ, ಹಳದಿ ಬಸ್ಸು ಮೊದಲೇ ಇರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದರು. ಅಲ್ಲಿ ಇಂಗ್ಲಿಷ್ ಹೇಳುತ್ತಿದ್ದವರು ಜಾನ್ ಗತ್ರಿ ಟೇಟ್. ಆ ಮನೆತನ ನೋಡಿ: ಅಪ್ಪ ಪೀಟರ್ ಟೇಟ್ ಎಡಿನ್‌ಬರೋದ ಹೆಸರುವಾಸಿ ಭೌತವಿಜ್ಞಾನಿ, ತಮ್ಮ ಫ್ರೆಡಿ ಗಾಲ್ಫ್ ಚಾಂಪಿಯನ್, ಇವರು ಸ್ವತಃ ಸ್ಕಾಟ್ಲೆಂಡಿನ ಪರ ರಗ್ಬಿ ಆಡಿ, ವಕೀಲಿಕೆ ಓದಿ, ಬೆಂಗಳೂರಿಗೆ ಬಂದು ಮೇಷ್ಟ್ರಾದವರು. ಇಂಥವರ ಎದುರು ಹೊಸೂರಿನ ಸಪೂರ ಹುಡುಗ ಕೂತ. 1894ರಲ್ಲಿ ಬಿ.ಎ. ಆದಾಗ ಅವನಿಗೆ ಇನ್ನೂ ಹದಿನಾರು ತುಂಬಿರಲಿಲ್ಲ.

ನನಗೆ ಮುಖ್ಯವಾಗಿ ಕಾಣುವುದು ಟೇಟ್ ಸಾಹೇಬರೂ ಅಲ್ಲ. ಆ ಕಾಲೇಜಿನಲ್ಲಿ ರಾಜಾಜಿಗೆ ಸಿಕ್ಕ ಒಬ್ಬ ಗೆಳೆಯ, ನವರತ್ನ ರಾಮರಾಯರು. ಕನ್ನಡದವರಿಗೆ ‘ಕೆಲವು ನೆನಪುಗಳು’ ಬರೆದ ರಾಮರಾಯರೆಂದರೆ ಗೊತ್ತಾಗುತ್ತದೆ. ಅವರು ಮೈಸೂರು ಸಂಸ್ಥಾನದಲ್ಲಿ ಅಮಲ್ದಾರರಾದರು, ರೇಷ್ಮೆ ಇಲಾಖೆ ನೋಡಿಕೊಂಡರು. ರಾಜಾಜಿ ಸೇಲಂನಲ್ಲಿ ವಕೀಲರಾಗಿ, ಜೈಲಿಗೆ ಹೋಗಿ, ಮದ್ರಾಸಿನ ಪ್ರಧಾನಿಯಾಗಿ, ದೇಶದ ಗವರ್ನರ್ ಜನರಲ್ ಆದರು. ಒಬ್ಬರು ಸರ್ಕಾರದ ನೌಕರ, ಒಬ್ಬರು ಸರ್ಕಾರದ ವಿರುದ್ಧ ಉಪ್ಪು ತೆಗೆದವರು. ಸ್ನೇಹ ಕೊನೆಯವರೆಗೂ ಮುರಿಯಲಿಲ್ಲ. ರಾಜಾಜಿಯ ತಮಿಳು ಮಹಾಭಾರತ ಇಂಗ್ಲಿಷಿಗೆ ಬರುವಾಗ ಕೈಜೋಡಿಸಿದವರಲ್ಲಿ ಈ ರಾಮರಾಯರೂ ಒಬ್ಬರು. ಭವನ್ಸ್‌ನವರು ಅಚ್ಚು ಹಾಕಿದ ಆ ಪುಸ್ತಕ ಇವತ್ತಿಗೂ ರೈಲ್ವೆ ಸ್ಟೇಷನ್ನಿನ ಪುಸ್ತಕದಂಗಡಿಯಲ್ಲಿ ಸಿಗುತ್ತದೆ. ಸೆಂಟ್ರಲ್ ಕಾಲೇಜಿನಲ್ಲಿ ಇಬ್ಬರು ಹುಡುಗರು ಕಾಲಹರಣ ಮಾಡಿದ್ದರ ಲಾಭ ಅರ್ಧ ಶತಮಾನದ ಮೇಲೆ ಹೀಗೆ ಬಂತು. ಅದು ಯಾವ ಪಾರ್ಟಿನಲ್ಲಿತ್ತು, ಎಷ್ಟು ಕ್ರೆಡಿಟ್ಟು? ಹಾಗೆಂದು ಸುಮ್ಮನೆ ಓದಿದವರೆಲ್ಲ ಬುದ್ಧಿವಂತಿಕೆಯನ್ನೇ ಮಾಡುತ್ತಾರೆಂದಲ್ಲ. ಮೂರು ಭಾಷೆಯ ಊರಿನಲ್ಲಿ ಬೆಳೆದ ಇದೇ ರಾಜಾಜಿ 1937–38ರಲ್ಲಿ ಶಾಲೆಗಳಲ್ಲಿ ಹಿಂದಿ ಕಡ್ಡಾಯ ಮಾಡಿ ಬೇಕಿಲ್ಲದ ಬೆಂಕಿ ಹಚ್ಚಿದರು. ಈ ಮಾತು ಬಂದರೆ ಮೇಷ್ಟ್ರು ಇವತ್ತಿಗೂ ಕೆಂಡವಾಗುತ್ತಾರೆ.

ಇದನ್ನೆಲ್ಲ ಯೋಚಿಸಿ ನಾನು ಹುಡುಗಿಯ ಕಾಲೇಜಿನ ಬಗ್ಗೆ ಆಸೆ ಬಿಟ್ಟಿದ್ದೆ. ಎರಡನೇ ವರ್ಷದಲ್ಲಿ ಒಂದು ದಿನ ಅವಳ ತಾಯಿ ಗೋಡೆಗೆ ಒರಗಿ ದೂರು ಹೇಳಿದರು. ಮಗಳು ಸಂಜೆ ಬಂದು ಊಟ ಮಾಡುವಾಗಲೂ ವಾದ ಮಾಡುತ್ತಾಳೆ, ಕಾಲೇಜಿನಲ್ಲಿ ಯಾರೋ ಇವಳ ತಲೆ ಕೆಡಿಸುತ್ತಿದ್ದಾರೆ. ಯಾರು ಎಂದು ಹುಡುಗಿಯನ್ನೇ ಕೇಳಿದೆ. ನಕ್ಕಳು. ಕಾಲೇಜಲ್ಲಿ ಅಲ್ಲ ಅಂಕಲ್, ಬಸ್ಸಲ್ಲಿ.

ಬಸ್ಸು ಅತ್ತಿಬೆಲೆಯಲ್ಲಿ ಶುರುವಾಗುತ್ತದೆ. ಆನೇಕಲ್ಲಿನವಳು ಅಲ್ಲಿಯವರೆಗೆ ಕರ್ನಾಟಕದ ಶಕ್ತಿ ಯೋಜನೆಯಲ್ಲಿ ಪುಕ್ಕಟೆ ಬಂದು ಹತ್ತುತ್ತಾಳೆ. ಜೂಜುವಾಡಿ ಚೆ‌ಕ್‌ಪೋಸ್ಟಿನ ಲಾರಿಗಳ ನಡುವೆ ನುಸುಳಿ ಹೊಸೂರಿಗೆ ಬರುವಷ್ಟರಲ್ಲಿ ಅರ್ಧ ಬಸ್ಸು ತುಂಬಿರುತ್ತದೆ. ಇವಳು ಅಲ್ಲಿ ಹತ್ತುತ್ತಾಳೆ. ತಳಿಯ ಕಡೆಯ ಇನ್ನೊಬ್ಬಳು ಟೌನ್ ಬಸ್ಸಿನಲ್ಲಿ ಬಂದು ಇಲ್ಲೇ ಕೂಡಿಕೊಳ್ಳುತ್ತಾಳೆ. ಅವಳ ಮನೆಮಾತು ಕನ್ನಡ, ಓದಿದ್ದು ಸರ್ಕಾರಿ ಶಾಲೆಯಲ್ಲಿ. ಶಾಲೆಗಳಲ್ಲಿ ತಮಿಳು ಕಡ್ಡಾಯ ಮಾಡಿದ 2006ರ ಕಾಯ್ದೆಯ ಆಮೇಲೆ ಓದಿದವಳಾದ್ದರಿಂದ ತಮಿಳೂ ನೀರು ಕುಡಿದಷ್ಟು ಸಲೀಸು. ಸರ್ಕಾರಿ ಶಾಲೆಯ ಹುಡುಗಿಯರಿಗೆ 2022ರಿಂದ ಬರುವ ಪುದುಮೈ ಪೆಣ್ ಯೋಜನೆಯ ತಿಂಗಳ ಸಾವಿರ ರೂಪಾಯಿ ಅವಳಿಗೂ ಬರುತ್ತದೆ, ಬಂದ ಹಾಗೇ ಬಸ್ ಫೀಸಿಗೆ ಹೋಗುತ್ತದೆ. ಹಿಂದಿನ ಸೀಟಿನಲ್ಲಿ ಬಿ.ಕಾಂ. ಹುಡುಗರು. ಡ್ರೈವರ್ ರಾಯಕೋಟೆಯವನು. ಮೊಬೈಲ್ ತರುವಂತಿಲ್ಲ ಎಂಬ ಕಾಲೇಜಿನ ಕಟ್ಟಪ್ಪಣೆ ಇಲ್ಲಿ ಮಾತ್ರ ವರವಾಯಿತು. ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ, ಕೈಯಲ್ಲಿ ಫೋನಿಲ್ಲದೆ ಅಷ್ಟೂ ಮಕ್ಕಳು ಏನು ಮಾಡಬೇಕು? ಮಾತಾಡುತ್ತಾರೆ.

ಬೇಸಿಕ್ ತಮಿಳಿನ ಹೋಂವರ್ಕಿನಿಂದ ಶುರುವಾಯಿತಂತೆ. ತಳಿಯವಳು ಆನೇಕಲ್ಲಿನವಳಿಗೆ ಹೇಳಿಕೊಟ್ಟಳು. ಕಣ್ಣಗಿಯ ಪಾಠ ಬಂತು: ಗಂಡನನ್ನು ಕಳ್ಳನೆಂದು ಅನ್ಯಾಯವಾಗಿ ಕೊಲ್ಲಿಸಿದ ಪಾಂಡ್ಯ ರಾಜನೆದುರು ಕಾಲಂದುಗೆ ಒಡೆದು, ಮಧುರೆಯನ್ನು ಸುಟ್ಟವಳ ಕಥೆ. ಆನೇಕಲ್ಲಿನವಳು ತಟ್ಟನೆ, ರಾಜ ಮಾಡಿದ ತಪ್ಪಿಗೆ ಊರನ್ನು ಯಾಕೆ ಸುಡಬೇಕು, ನಮ್ಮ ಪುಣ್ಯಕೋಟಿ ನೋಡು, ಹುಲಿಯ ಬಾಯಿಗೆ ಬೀಳುತ್ತೇನೆಂದು ಗೊತ್ತಿದ್ದೂ ಕೊಟ್ಟ ಮಾತಿಗೆ ವಾಪಸ್ ಹೋದಳು ಅಂದಳು. ಹಾಗಾದರೆ ಕಣ್ಣಗಿ ಸುಮ್ಮನೆ ಅತ್ತು ಮನೆಗೆ ಹೋಗಬೇಕಿತ್ತಾ ಎಂದು ಮುಂದಿನ ಸೀಟಿನ ಶೂಲಗಿರಿ ಹುಡುಗಿ ತಿರುಗಿ ಕೂತಳು. ಅಲ್ಲಿಂದ ಒಂದು ವಾರ ಬಸ್ಸಿನಲ್ಲಿ ಎರಡು ಪಕ್ಷ. ಕಣ್ಣಗಿಯ ಕಡೆಯವರು, ಪುಣ್ಯಕೋಟಿಯ ಕಡೆಯವರು. ತಮಿಳರೆಲ್ಲ ಒಂದು ಕಡೆ, ಕನ್ನಡದವರೆಲ್ಲ ಒಂದು ಕಡೆ ಎಂದುಕೊಳ್ಳಬೇಡಿ. ತಳಿಯ ಕನ್ನಡದವಳು ಕಣ್ಣಗಿಯ ಪಕ್ಷ. ಒಳ್ಳೇತನವನ್ನು ಯಾವಾಗಲೂ ಹಸುವಿನಿಂದ, ಹೆಂಗಸಿನಿಂದಲೇ ಯಾಕೆ ಕೇಳುತ್ತೀರಿ ಎಂಬುದು ಅವಳ ಪ್ರಶ್ನೆ. ನಮ್ಮ ಪಕ್ಕದ ಮನೆಯವಳು ತೆಲುಗಿನವಳಾಗಿ ತಟಸ್ಥಳಾಗಿದ್ದಳು. ಹುಲಿಯ ಕಡೆಯಿಂದ ಯಾರೂ ಮಾತಾಡಲ್ವಾ, ಅದು ನಾಚಿ ಸತ್ತೇಹೋಯಿತು, ರಾಜನೂ ತಪ್ಪು ಗೊತ್ತಾದ ತಕ್ಷಣ ಸತ್ತ, ಎರಡೂ ಕಥೆಯಲ್ಲಿ ಸಾಯೋದು ಬಲವಿದ್ದವರೇ ಅಲ್ವಾ ಎಂದು ಹೊಸ ವಿಷಯ ಎತ್ತಿದಳಂತೆ. ಅದನ್ನು ಆ ಹಾರ್ಡಿ ಮೇಡಂ ಕೇಳಿದ್ದರೆ ಕರಪತ್ರ ಬಿಸಾಡಿ ಬಸ್ಸು ಹತ್ತುತ್ತಿದ್ದರು. ಬಿ.ಕಾಂ. ಹುಡುಗನೊಬ್ಬ ಹಿಂದಿನಿಂದ, ಪುಣ್ಯಕೋಟಿ ವಾಪಸ್ ಬಂದದ್ದು ಗುಡ್‌ವಿಲ್, ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿ ಕಡೆ ತೋರಿಸಬಹುದು ಎಂದ. ಎಲ್ಲರೂ ಸೇರಿ ಅವನನ್ನು ಬೈದರು. ಬಸ್ಸಿನಲ್ಲಿ ಮೂರೂ ಭಾಷೆ ಓಡುತ್ತದೆ, ಯಾರೂ ಯಾರಿಗೂ ಅನುವಾದ ಮಾಡುವುದಿಲ್ಲ.

ಸೀನಿಯರ್‌ಗಳು ಇನ್ನೊಂದು ಪುರಾಣ ಬಿಟ್ಟುಹೋಗಿದ್ದಾರೆ. 2023ರ ಫೆಬ್ರವರಿಯಲ್ಲಿ ಎತ್ತು ಬಿಡುವ ಹಬ್ಬಕ್ಕೆ ಅನುಮತಿ ತಡವಾಯಿತೆಂದು ಗೋಪಸಂದ್ರದ ಹತ್ತಿರ ಜನ ಹೆದ್ದಾರಿಗಿಳಿದು ಗಂಟೆಗಟ್ಟಲೆ ರಸ್ತೆ ಕಟ್ಟಿದ್ದರಲ್ಲ, ಆವತ್ತು ಬಸ್ಸು ಲಾರಿಗಳ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿತಂತೆ. ಎತ್ತಿನ ಹಬ್ಬ ಬೇಕೇ ಬೇಡವೇ ಎಂದು ಬಸ್ಸಿನೊಳಗೇ ಚರ್ಚೆ ನಡೆದು, ಹಬ್ಬ ಬೇಕೆಂಬ ಪಕ್ಷದ ಇಬ್ಬರು ಇಳಿದು ಹೋಗಿ ನೋಡಿ, ಕಲ್ಲು ತೂರಾಟ ಕಂಡು ಅಭಿಪ್ರಾಯ ಬದಲಿಸಿ ಓಡಿ ಬಂದು ಹತ್ತಿದರಂತೆ. ಕಾಲೇಜು ತಲುಪಿದಾಗ ಆವತ್ತಿನ ಹಾಜರಿ ಹೋಗಿತ್ತು.

ಮೇಷ್ಟ್ರಿಗೆ ಈ ಕಣ್ಣಗಿ ವ್ಯಾಜ್ಯವನ್ನು ವರದಿ ಮಾಡಿದೆ. ಬಹಳ ಹೊತ್ತು ನಕ್ಕು, ತಮ್ಮದು ಕಣ್ಣಗಿಯ ಪಕ್ಷವೆಂದು ಘೋಷಿಸಿದರು. ಸೋದರಮಾವನಿಗೆ ಹೇಳಿದಾಗ ಅವನು ಲೆಕ್ಕ ಹಾಕಿದ: ಟ್ಯೂಷನ್ ಫೀಸ್ ಇಷ್ಟು, ಬಸ್ ಫೀಸ್ ಇಷ್ಟು, ಹಾಗಾದರೆ ಬಸ್ ಫೀಸ್ ಮಾತ್ರ ಕಟ್ಟಿದರೆ ಸಾಕಾಗಿತ್ತಲ್ಲ! ಅವನನ್ನು ದಡ್ಡನೆಂದವರು ಯಾರು? ಆದರೆ ಪರೀಕ್ಷೆಯೆಂಬುದೊಂದು ಇರುವುದರಿಂದ ಎರಡನ್ನೂ ಕಟ್ಟಬೇಕು. ಹುಡುಗಿಗೆ ಮೂರನೇ ಸೆಮಿಸ್ಟರಿನಲ್ಲಿ ಒಂದು ಅರಿಯರ್ ಬಿದ್ದಿದೆ. ಎಂ.ಎಸ್. ಆಫೀಸಿನಲ್ಲಿ.

ಮೊನ್ನೆ ಹುಡುಗಿಯ ತಾಯಿ ಗೋಡೆಯ ಹತ್ತಿರ ಬಂದು ಸಮಾಧಾನದಿಂದ ಹೇಳಿದರು: ಇನ್ನು ಮಗಳ ವಾದ ಕಮ್ಮಿಯಾಗುತ್ತೆ, ಬಸ್ಸಲ್ಲಿ ಮಕ್ಕಳು ಬಹಳ ಗಲಾಟೆ ಮಾಡ್ತಾರೆ ಅಂತ ಕಂಪ್ಲೇಂಟ್ ಹೋಗಿ ಮ್ಯಾನೇಜ್‌ಮೆಂಟ್‌ನವರು ಎಲ್ಲ ಬಸ್ಸಿಗೂ ಕ್ಯಾಮರಾ ಹಾಕಿಸಿದ್ದಾರೆ. ನನಗೆ ಎದೆ ಧಸಕ್ಕೆಂದಿತು. ಹುಡುಗಿ ಒಳಗಿನಿಂದಲೇ ಕೂಗಿದಳು. “ಅದ್ರಲ್ಲಿ ಚಿತ್ರ ಮಾತ್ರ ಬರೋದು ಅಂಕಲ್, ಸೌಂಡ್ ಬರಲ್ಲ. ಡ್ರೈವರ್ ಅಣ್ಣನೇ ಹೇಳಿದ್ರು.”